ಕಂಬದೊಳಗಿನ ಮಳೆ

ಈನಾ ಲಾಫರ್ಟಿ ಹದಿನೈದನೇ ವಯಸ್ಸಿಗೆ ಪೇಸ್ಲಿ ಊರಿನ ಹೊಲಿಗೆದಾರದ ಮಿಲ್ಲು ಸೇರಿದಳು, ಐವತ್ತೈದಕ್ಕೆ ಹೊರಬಿದ್ದಳು. ಅವಳು ಬಿಟ್ಟದ್ದಲ್ಲ, ಮಿಲ್ಲೇ ಬಾಗಿಲು ಹಾಕಿತು. ಆ ನಲವತ್ತು ವರ್ಷವೂ ಮೂರನೇ ಮಹಡಿಯಲ್ಲಿ ಅವಳ ಪಕ್ಕದ ಯಂತ್ರ ನನ್ನದು. ಎಣ್ಣೆ ಕುಡಿದ ಮರದ ನೆಲದ ಮೇಲೆ ಇಬ್ಬರೂ ಬರಿಗಾಲು. ಆ ಗದ್ದಲದಲ್ಲಿ ಮಾತು ಕೇಳುವುದೆಲ್ಲಿ ಬಂತು? ತುಟಿ ನೋಡಿಕೊಂಡೇ ಊರ ಸುದ್ದಿಯೆಲ್ಲ ಆಡುತ್ತಿದ್ದೆವು. ಮಿಲ್ಲು ಮುಚ್ಚುವ ಹೊತ್ತಿಗೆ ಅವಳ ಎರಡೂ ಕಿವಿ ಹೋಗಿದ್ದವು.

ಕಟ್ಟಡ ಮಾತ್ರ ಗಟ್ಟಿ. ಐದು ಮಹಡಿ, ಕೆಂಪು ಇಟ್ಟಿಗೆ, ಆಳೆತ್ತರದ ಕಿಟಕಿಗಳು. ಬೆಂಕಿಗೆ ಹೆದರಿದ ಹಳಬರು ತೊಲೆ, ಕಂಬ ಎಲ್ಲವನ್ನೂ ಕಬ್ಬಿಣದಲ್ಲೇ ಎರಕ ಹೊಯ್ಯಿಸಿದ್ದರು. ಅದನ್ನು ಕೊಂಡ ಕಂಪನಿಗೆ ಬೇಕಾದದ್ದು ಜಾಗ ಅಷ್ಟೆ. ಊರ ಸಭೆಯಲ್ಲಿ ಅವರ ಎಂಜಿನಿಯರು ಎದ್ದು, "ಕಂಬಗಳ ಬುಡದಲ್ಲಿ ನೀರು ಜಿನುಗ್ತಿದೆ. ಅಡಿಪಾಯ ಕೊಳೆತಿದೆ. ಕೆಡವಲೇಬೇಕು" ಎಂದ. ಅಂದೇ ತೀರ್ಮಾನವಾಗುವುದಿತ್ತು.

ಮುಂದಿನ ಸಾಲಿನಲ್ಲಿದ್ದ ಈನಾ ಎದ್ದಳು.

"ಕಂಬ ಒಳಗೆ ಪೊಳ್ಳು ತಮ್ಮಾ. ಛಾವಣಿ ಮೇಲಿನ ಮಳೆನೀರು ಅದರೊಳಗಿಂದಾನೇ ಇಳಿಯೋದು. ನಲವತ್ತು ವರ್ಷ ಅದಕ್ಕೆ ಬೆನ್ನು ಕೊಟ್ಟು ಟೀ ಕುಡಿದಿದ್ದೀನಿ, ಮಳೆ ಬಂದ್ರೆ ಬೆನ್ನು ತಣ್ಣಗಾಗ್ತಿತ್ತು. ಪ್ರತಿ ವರ್ಷ ಬೇಸಿಗೆ ರಜದಲ್ಲಿ ಕೆಳಗಿನ ಮೋರಿಯಿಂದ ಹತ್ತಿ ಧೂಳು ಬಾಚಿ ತೆಗೀತಿದ್ರು. ಈಗ ಯಾರೂ ತೆಗೆದಿಲ್ಲ, ಕಟ್ಕೊಂಡಿದೆ. ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕುಯ್ಕೋತಾರಾ?"

ಸಭೆ ನಕ್ಕಿತು. ಎಂಜಿನಿಯರು ಪಕ್ಕದವನತ್ತ ಬಾಗಿ ಏನೋ ಪಿಸುಗುಟ್ಟಿದ. ಕಿವಿ ಇದ್ದವರಿಗೆ ಯಾರಿಗೂ ಕೇಳಲಿಲ್ಲ.

"ಅದನ್ನ ಸ್ವಲ್ಪ ಜೋರಾಗಿ ಹೇಳಪ್ಪ" ಎಂದಳು ಈನಾ. "'ಮೋರಿ ವಿಷಯ ಈ ಮುದುಕಿಗೆ ಯಾರು ಹೇಳಿದ್ರು' ಅಂದ್ಯಲ್ಲ, ಎಲ್ಲರಿಗೂ ಕೇಳ್ಲಿ."

ನಾನೂ ಅವನ ತುಟಿ ನೋಡಿದ್ದೆ. ಅಂದದ್ದು ಅದನ್ನೇ. ಅವನ ಮುಖ ಹುಳ್ಳಗಾಯಿತು.

ಮೋರಿ ತೆಗೆಸಿ ನೋಡುವ ತನಕ ಒಂದು ಇಟ್ಟಿಗೆಯನ್ನೂ ಮುಟ್ಟುವಂತಿಲ್ಲ ಎಂದು ಸಭೆಯ ಅಧ್ಯಕ್ಷರು ಹೇಳಿದರು. ಆಮೇಲೆ ಈನಾಳ ಕಡೆ ತಿರುಗಿ, "ನಿಮಗೆ ಆ ಮಿಲ್ಲು ಅಂದ್ರೆ ತುಂಬಾ ಪ್ರೀತಿ ಅಲ್ವೇನಮ್ಮ?" ಎಂದರು.

"ಪ್ರೀತೀನಾ? ನನ್ನ ಎರಡೂ ಕಿವಿ ತಿಂದಿದೆ ಅದು. ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಬೈತೀನಿ. ನೀವು ಕೆಡವಿಬಿಟ್ರೆ ನಾನು ಯಾರನ್ನ ಬೈಲಿ?"