ನಡುಕವಿಲ್ಲದ ಶ್ರುತಿ

ಊರಿನ ಪಿಯಾನೋಗಳಿಗೆ ಮೂವತ್ತೆಂಟು ವರ್ಷ ಶ್ರುತಿ ಕೂಡಿಸಿದವನನ್ನು ಜನ ಬಿರಡೆ ಎಂದೇ ಕರೆಯುತ್ತಿದ್ದರು. ತಂತಿ ಬಿಗಿಯುವ ಉಕ್ಕಿನ ಗೂಟದ ಹೆಸರದು. ಮರಕ್ಕೆ ಹೊಡೆದು ಕೂರಿಸಿದಂತಹ ಸ್ವಭಾವದವನಿಗೆ ಹೊಂದುತ್ತಲೂ ಇತ್ತು.

ಕೆಲಸ ಕಲಿಸಿದವನು ಅವನ ಅಪ್ಪ. ಒಂದು ಸ್ವರ ತಪ್ಪಿದರೆ ಒಂದು ಏಟು. ಅಪ್ಪ ಬಲಗೈಯವನಾದ್ದರಿಂದ ಏಟೆಲ್ಲ ಎಡಗಡೆಗೇ ಬೀಳುತ್ತಿತ್ತು. ಹದಿನಾಲ್ಕನೆಯ ವಯಸ್ಸಿನಲ್ಲಿ ಎಡಗಿವಿಯಿಂದ ರಕ್ತ ಬಂದಿತು. ಅಂದಿನಿಂದ ಆ ಕಿವಿ ಬರಿಯ ಅಲಂಕಾರಕ್ಕೆ ಉಳಿಯಿತು. ಅಪ್ಪ ಸತ್ತಾಗ ಬಿರಡೆ ಅಳಲಿಲ್ಲ. ಗೂಟ ತಿರುಗಿಸುವ ಕಬ್ಬಿಣದ ಕೀಲಿಯನ್ನು ಅಪ್ಪನ ಚೀಲದಿಂದ ತೆಗೆದುಕೊಂಡು ಮರುದಿನವೇ ಕೆಲಸಕ್ಕೆ ಹೋದನು.

ಈಗ ಎರಡು ವರ್ಷದಿಂದ ಬಲಗಿವಿಯೂ ಕೈಕೊಡುತ್ತಿತ್ತು. ಎದುರಿಗೆ ನಿಂತು ಆಡಿದ ಮಾತನ್ನು ತುಟಿ ನೋಡಿ ಹಿಡಿಯುತ್ತಿದ್ದ; ಹಿಡಿಯಲಾಗದ್ದಕ್ಕೆ ತಲೆಯಾಡಿಸುತ್ತಿದ್ದ. ಅವನಿಗೆ ಕಾಯಂ ಕೆಲಸ ಕೊಡುತ್ತಿದ್ದ ಸಂಗೀತ ಭವನದ ಮ್ಯಾನೇಜರಿಗೆ ಸುಳಿವು ಸಿಕ್ಕರೂ ಸಾಕು, ಅನ್ನಕ್ಕೆ ಕಲ್ಲು ಬೀಳುತ್ತಿತ್ತು. ಪಿಯಾನೋ ರಿಪೇರಿ ಮಾಡುವ ಹಳೆಯ ಜೊತೆಗಾರನೊಬ್ಬ ತಮಾಷೆಗೆ, ಏನಯ್ಯ ಕಿವಿಗೆ ಹತ್ತಿ ಇಟ್ಟುಕೊಂಡಿದ್ದೀಯಾ ಎಂದು ಕೇಳಿದ್ದಕ್ಕೆ ಬಿರಡೆ ಅವನ ಮುಂದಿನ ಎರಡು ಹಲ್ಲು ಉದುರಿಸಿದನು. ಆಮೇಲೆ ಯಾರೂ ಕೇಳಲಿಲ್ಲ.

ಅವನಿಗೊಂದು ಉಪಾಯ ಗೊತ್ತಿತ್ತು. ಎರಡು ತಂತಿಗಳು ಕೊಂಚ ಹೆಚ್ಚುಕಡಿಮೆ ಇದ್ದರೆ ದನಿ ನಡುಗುತ್ತದೆ. ಪಿಯಾನೋದ ರೂಢಿಯ ಶ್ರುತಿಯಲ್ಲಿ ಒಂದೊಂದು ಸ್ವರಜೋಡಿಯೂ ಇಷ್ಟೇ ನಡುಗಬೇಕೆಂದು ಲೆಕ್ಕವಿದೆ. ಬಿರಡೆ ದವಡೆಯನ್ನು ಮರಕ್ಕೆ ಒತ್ತಿ ಆ ನಡುಕವನ್ನು ಹಲ್ಲಿನಲ್ಲೇ ಎಣಿಸುತ್ತಿದ್ದ. ನೋಡಿದವರು ಎಂಥ ತನ್ಮಯತೆ ಎಂದು ಮೆಚ್ಚಿಕೊಂಡರು.

ಪಿಯಾನೋ ನುಡಿಸುವವಳೊಬ್ಬಳು ಬಂದದ್ದು ಇಂತಹ ಕಾಲದಲ್ಲಿ. ಪೂರ್ವದ ನಾಡುಗಳಲ್ಲಿ ಒಂಬತ್ತು ವರ್ಷ ಅಲೆದು, ತಂತಿವಾದ್ಯ ಕೊಳಲುಗಳವರ ಕಾಲ ಬಳಿ ಕೂತು ಕೇಳಿದ್ದನ್ನೆಲ್ಲ ಹನ್ನೆರಡು ಕಿರುಕೃತಿಗಳಾಗಿ ಇಳಿಸಿದ್ದಳು. ಯಾವುದೂ ಎರಡು ನಿಮಿಷ ಮೀರದು. ಒಬ್ಬಳೇ ನುಡಿಸಿ ಆಲ್ಬಮ್ ಮಾಡುವವಳು. ಪ್ರತಿಯೊಂದಕ್ಕೂ ಬೇರೆ ಶ್ರುತಿ ಬೇಕು, ಸ್ವರಗಳು ನಡುಗಕೂಡದು, ನಿಂತ ನೀರಿನಂತಿರಬೇಕು ಎಂದಳು. ಬಿರಡೆ ಲೆಕ್ಕ ಹಾಕಿದ. ನಡುಕವೇ ಇಲ್ಲದ ಕಡೆ ಹಲ್ಲಿಗೆ ಸಿಗುವುದೇನು? ತಂತಿ ನಿಂತಿದೆಯೋ ತನ್ನ ಕಿವಿ ನಿಂತಿದೆಯೋ, ಹೇಳುವವರು ಯಾರು? ಆಗದು ಎಂದರೆ ಏಕೆ ಎಂದು ಕೇಳುತ್ತಾಳೆ. ಒಪ್ಪಿಕೊಂಡನು.

ಸ್ಟುಡಿಯೋದಲ್ಲಿ ಮೂವರೇ: ಅವಳು, ಅವನು, ರೆಕಾರ್ಡಿಂಗಿನ ಹುಡುಗಾಟದ ಮೂವತ್ತರ ಗಂಡಸು. ದಪ್ಪ ತಂತಿಗಳ ಕೆಲಸವೇ ಹೆಚ್ಚಿದ್ದ ಮೊದಲ ಆರು ಕೃತಿಗಳು ಹೇಗೋ ಮುಗಿದವು. ಏಳನೆಯದು ಪೂರ ಮೇಲಿನ ಸಣ್ಣ ತಂತಿಗಳದು. ಬಿರಡೆ ದವಡೆ ಒತ್ತಿದ, ಏನೂ ಸಿಗಲಿಲ್ಲ. ಇಳಿಸಿದ, ಏರಿಸಿದ, ಮತ್ತೆ ಏರಿಸಿದ. ಅವಳು ಸಾಕು ಎಂದು ಎರಡು ಸಲ ಹೇಳಿದ್ದೂ ಅವನನ್ನು ಮುಟ್ಟಲಿಲ್ಲ. ತಂತಿ ಹರಿದು ಚಾಟಿಯಂತೆ ಹಾರಿ ಅವಳ ಹುಬ್ಬಿನಿಂದ ಕೆನ್ನೆಯವರೆಗೆ ಸೀಳಿತು. ಕಣ್ಣು ಉಳಿದದ್ದು ಎಳ್ಳಷ್ಟರಲ್ಲಿ.

ಅವಳು ತೋಳಿನಿಂದ ರಕ್ತ ಒರೆಸಿಕೊಂಡು ಅವನನ್ನೇ ನೋಡಿದಳು. ಹೊಸ ತಂತಿ ಹಾಕಿಸಿದಳು. ಅವನು ಮತ್ತೆ ದವಡೆಯೂರಿದಾಗ ಒಂದು ಸ್ವರದ ಮಣೆಯನ್ನು ಮೆಲ್ಲಗೆ, ಒಳಗಿನ ಸುತ್ತಿಗೆ ತಂತಿಗೆ ತಾಗದಷ್ಟು ಮೆಲ್ಲಗೆ ಒತ್ತಿ ಹಿಡಿದಳು.

"ಈಗ ಹೇಗಿದೆ?"

ಮಣೆ ಇಳಿದದ್ದನ್ನು ಅವನು ಕಂಡಿದ್ದ. "ಈಗ ಸರಿ ಹೋಯ್ತು. ನಿಂತಿದೆ," ಎಂದನು.

"ನಾನು ಬಾರಿಸಲೇ ಇಲ್ಲ."

ರೆಕಾರ್ಡಿಂಗಿನವನು ಕಿಸಕ್ಕೆಂದು ನಕ್ಕ. ಅದನ್ನು ಕೇಳಬೇಕಾಗಿರಲಿಲ್ಲ, ಕಂಡರೆ ಸಾಕಾಗಿತ್ತು. ಬಿರಡೆ ಕೀಲಿಯೆತ್ತಿ ಅವಳ ತಲೆಗೇ ಬೀಸಿದನು. ಅವಳು ಬಗ್ಗಿದಳು. ಕಬ್ಬಿಣ ಕೆಳಸ್ವರದ ದಪ್ಪ ತಂತಿಗಳ ಮೇಲೆ ಬಿದ್ದಿತು. ಪಿಯಾನೋ ಗರ್ಜಿಸಿದ್ದು ಅವನ ಎದೆಗೂಡಿಗೆ, ಮೊಣಕಾಲಿಗೆ, ಹಲ್ಲಿನ ಬೇರಿಗೆಲ್ಲ ಹೊಕ್ಕಿತು. ಮತ್ತೆ ಎತ್ತುವಷ್ಟರಲ್ಲಿ ರೆಕಾರ್ಡಿಂಗಿನವನು ಮೇಲೆ ಬಿದ್ದು ಕೆಡವಿ ಪಕ್ಕೆಗೆ ಒದೆಯತೊಡಗಿದ್ದ. ಒಂದು, ಎರಡು, ಮೂರು. ನಾಲ್ಕನೆಯ ಒದೆಗೆ ಕಾಲೆತ್ತಿದವನ ಕೊರಳಪಟ್ಟಿ ಹಿಡಿದು ಅವಳು ಎಳೆದಳು.

"ಬಿಡೋ. ಅವರ ಕೈಗೆ ತಗುಲೀತು, ಕೆಲಸ ಇನ್ನೂ ಬಾಕಿ ಇದೆ."

ಆಮೇಲೆ ಅವನ ಮುಖದ ಎದುರು ಕುಕ್ಕರುಗಾಲಿನಲ್ಲಿ ಕೂತು, ತುಟಿ ಕಾಣುವಂತೆ ಕೇಳಿದಳು. "ಎಷ್ಟು ದಿನದಿಂದ?"

"ಎರಡು ವರ್ಷ."

"ನಾನು ಕೇಳ್ತೀನಿ, ನೀವು ತಿರುಗಿಸಿ. ನಿಮ್ಮಂಥ ಕೈ ಈ ಊರಲ್ಲಿ ಇನ್ನೊಂದಿಲ್ಲ. ಆದ್ರೆ ಸೋಮವಾರ ಭವನಕ್ಕೆ ಹೋಗಿ ನೀವೇ ಹೇಳ್ಬೇಕು. ಇಲ್ಲಾಂದ್ರೆ ನಾನು ಹೋಗಿ ಈ ಮುಖ ತೋರಿಸ್ತೀನಿ."

ಅವನು ಬಾಯಿಗೆ ಬಂದ ರಕ್ತ ಉಗುಳಿ ಎದ್ದನು. ಉಳಿದ ಆರು ಕೃತಿಗಳಿಗೆ ಅವಳು ಅಂಗೈ ಏರಿಸಿದರೆ ಏರಿಸಿದ, ಇಳಿಸಿದರೆ ಇಳಿಸಿದ, ಮುಷ್ಟಿ ಕಟ್ಟಿದರೆ ನಿಲ್ಲಿಸಿದ. ಪ್ರತಿ ಸಲ ತೋಳೆತ್ತಿದಾಗಲೂ ಪಕ್ಕೆಗೆ ಚೂರಿ ಆಡಿಸಿದಂತಾಗುತ್ತಿತ್ತು. ಅವನ ಏಟಿಗೆ ಜಜ್ಜಿಹೋದ ಒಂದು ಕೆಳಸ್ವರವನ್ನು ಅವಳು ಬಿಟ್ಟೇ ನುಡಿಸಿದಳು. ಹನ್ನೆರಡನೆಯದು ಒಂದು ನಿಮಿಷ ಹತ್ತು ಸೆಕೆಂಡಿನದು. ಉಸಿರಿನ ಸದ್ದು ಬಂದೀತೆಂದು ಅವನನ್ನು ಗೋಡೆಯ ಬಳಿ ಕೂರಿಸಿದ್ದರು. ಅವಳ ಬೆರಳಾಡಿದ್ದು ಕಂಡನು, ನಿಂತದ್ದು ಕಂಡನು, ಅಷ್ಟೆ.

ಸೋಮವಾರ ಭವನಕ್ಕೆ ಹೋಗಿ, ಮ್ಯಾನೇಜರ ಮೇಜಿನ ಮುಂದೆ ನಿಂತು, ನನ್ನ ಕಿವಿ ಹೋಗಿದೆ, ಎರಡು ವರ್ಷವಾಯಿತು, ಬೇರೆಯವರನ್ನು ಗೊತ್ತುಮಾಡಿಕೊಳ್ಳಿ ಎಂದನು. ಮ್ಯಾನೇಜರು ಕಾಗದದಿಂದ ತಲೆಯೆತ್ತದೆ ಏನೋ ಗೊಣಗಿದರು. ಬಯ್ದರೋ, ಕುಳಿತುಕೊಳ್ಳಿ ಎಂದರೋ. ಬಿರಡೆ ತಲೆಯಾಡಿಸಲಿಲ್ಲ. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರಿ ಬಗ್ಗಿದನು.

"ಜೋರಾಗಿ ಹೇಳಿ," ಎಂದನು.