ಗ್ಯಾಸಿನ ಬಯಲಿನಲ್ಲಿ ಒಂದು ಕೂ

ನೀರು ನುಗ್ಗಿಸಿ ಬೆಂಕಿ ತೆಗೆಯುವ ಊರಿಗೆ ಬಂದುಬಿಟ್ಟಿದ್ದೇನೆ ಎಂದು ಮೊದಲ ದಿನವೇ ಗೊತ್ತಾಯಿತು. ಟೆಕ್ಸಾಸ್‌ನ ಬಯಲು, ಕಣ್ಣು ಹಾಯಿಸಿದಷ್ಟು ದೂರವೂ ಒಂದು ಗುಡ್ಡವಿಲ್ಲ. ಅದರ ನಡುವೆ ಪಂಪ್ ಹೊತ್ತ ಲಾರಿಗಳು ಕೊಟ್ಟಿಗೆಯ ಎಮ್ಮೆಗಳಂತೆ ಸಾಲಾಗಿ ನಿಂತಿದ್ದವು. ನಮ್ಮಲ್ಲಿ ಬೋರ್‌ವೆಲ್‌ನಿಂದ ನೀರು ಎತ್ತುತ್ತಾರೆ. ಇಲ್ಲಿ ಅದಕ್ಕೇ ನೀರು ಕುಡಿಸುತ್ತಿದ್ದರು!

ನಾನು ಕೊಪ್ಪ ತಾಲ್ಲೂಕಿನ ನಾರ್ವೆ ಎಂಬ ಹಳ್ಳಿಯವನು. ಡೀಸೆಲ್ ಎಂಜಿನ್ ರಿಪೇರಿ ಕಲಿತು, ಕೊಲ್ಲಿ ದೇಶದಲ್ಲಿ ದುಡಿದು, ಕಂಪನಿ ಕಳಿಸಿತೆಂದು ಇಲ್ಲಿಗೆ ಬಂದವನು. ಇಲ್ಲಿ ನೆಲದಡಿ ಮೈಲಿಗೂ ಹೆಚ್ಚು ಆಳದಲ್ಲಿ ಶೇಲ್ ಎಂಬ ಪದರಗಲ್ಲಿದೆ, ಅದರೊಳಗೆ ಗ್ಯಾಸ್ ಸಿಕ್ಕಿಕೊಂಡಿದೆ. ಮರಳು, ರಾಸಾಯನಿಕ ಬೆರೆಸಿದ ನೀರನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿದರೆ ಕಲ್ಲು ಬಿರಿಯುತ್ತದೆ. ಬಿರುಕು ಮುಚ್ಚದಂತೆ ಮರಳು ಒಳಗೇ ಕೂರುತ್ತದೆ, ಗ್ಯಾಸ್ ಮೇಲೆ ಬರುತ್ತದೆ. ಇವರು ಇದಕ್ಕೆ ‘ಫ್ರ್ಯಾಕ್’ ಎನ್ನುತ್ತಾರೆ. ಅಡಿಕೆಗೆ ಔಷಧಿ ಹೊಡೆಯುವಾಗ ಪಂಪಿಗೆ ಒಂದು ಕಾಳು ಮರಳೂ ಹೋಗದಂತೆ ಹಳೇ ಪಂಚೆಯಲ್ಲಿ ಸೋಸಿದವನು ನಾನು. ಇಲ್ಲಿ ಲಾರಿಗಟ್ಟಲೆ ಮರಳು ಪಂಪಿಗೇ ಹೋಗುತ್ತಿತ್ತು.

ಮನೆ ಎಂದರೆ ಟ್ರೈಲರ್, ಚಕ್ರದ ಮೇಲಿನ ತಗಡಿನ ಪೆಟ್ಟಿಗೆ. ಜೊತೆಗಾರ ರಾಮೋನ್ ಮೆಕ್ಸಿಕೋ ಕಡೆಯವನು. ಅವನ ಟೋರ್ಟಿಯಾ ನಮ್ಮ ರೊಟ್ಟಿಯ ದಾಯಾದಿ. ಅದರಲ್ಲಿ ನನ್ನ ಮಿಡಿ ಉಪ್ಪಿನಕಾಯಿ ಸುತ್ತಿ ತಿಂದು, ಕಣ್ಣೀರು ಸುರಿಸುತ್ತಲೇ ಇನ್ನೊಂದು ಮಿಡಿ ಕೇಳಿದ ದಿನ ಅವನು ನನ್ನವನಾದ. ಭಾಷೆ ಮಾತ್ರ ಒಲಿಯಲಿಲ್ಲ. ಇವರ ‘ಯಾಲ್’ ಎಂದರೆ ‘ನೀವೆಲ್ಲ’ ಎಂದು ತಿಳಿಯಲು ಎರಡು ವಾರ ಹಿಡಿಯಿತು. ನಮ್ಮ ಕಡೆಯವರ ಮಾತೋ, ಮೆಲ್ಲಗೆ, ನಿಧಾನ. ವಾಕಿಟಾಕಿಯಲ್ಲಿ ನಾನು ಹೇಳಿದ್ದು ಯಾರಿಗೂ ಕೇಳಿಸದು.

ಮೇಲ್ವಿಚಾರಕಿ ಡಾನಾ ಒಂದು ದಿನ ಕರೆದರು. “ನಿನಗೆ ಕೈ ಇದೆ, ಗಂಟಲಿಲ್ಲ. ಇಲ್ಲಿ ಮಾತು ಕೇಳಿಸದಿದ್ದರೆ ಜೀವ ಹೋಗುತ್ತದೆ. ತಿಂಗಳೊಳಗೆ ಕೂಗುವುದು ಕಲಿ, ಇಲ್ಲದಿದ್ದರೆ ಊರಿಗೆ ಕಳಿಸುತ್ತೇನೆ” ಎಂದರು.

ಫೋನ್ ಕಾರ್ಡ್ ಗೀರಿ ಅಕ್ಕನಿಗೆ ಹೇಳಿಕೊಂಡೆ.

“ಕೂಗೋದು ಕಲಿಯಕ್ಕೆ ಅಮೆರಿಕಕ್ಕೆ ಹೋಗ್ಬೇಕಿತ್ತಾ ಮಾರಾಯ?” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ನಿಜಕ್ಕೂ ಹೆದರಿದ್ದೆ.

ಗಡುವಿಗೆ ನಾಲ್ಕು ದಿನ ಉಳಿದಿತ್ತು. ಕೆಲಸಕ್ಕೆ ಮುನ್ನ ಪೈಪುಗಳಿಗೆ ಒತ್ತಡ ಕೊಟ್ಟು ಪರೀಕ್ಷೆ ಮಾಡುತ್ತಾರೆ. ಆಗ ಹತ್ತಿರ ಯಾರೂ ಇರಬಾರದು, ಪೈಪು ಸಿಡಿದರೆ ಮನುಷ್ಯ ಉಳಿಯುವುದಿಲ್ಲ. ನಾನು ಸುತ್ತ ನೋಡಿ, ಯಾರೂ ಇಲ್ಲವೆಂದು ವಾಕಿಟಾಕಿಯಲ್ಲಿ ಎರಡೆರಡು ಸಲ ‘ಕ್ಲಿಯರ್’ ಎಂದೆ. ಎಂದ ಮೇಲೆ ನೋಡುತ್ತೇನೆ, ಮರೆತ ಸ್ಪ್ಯಾನರ್ ತರಲು ರಾಮೋನ್ ಪೈಪುಗಳ ನಡುವೆ ಬಗ್ಗಿದ್ದಾನೆ! ವಾಕಿಟಾಕಿಯಲ್ಲಿ ‘ನಿಲ್ಲಿಸಿ’ ಎಂದೆ, ಎಂದಿನಂತೆ ಯಾರಿಗೂ ಕೇಳಿಸಲಿಲ್ಲ. ಡಾನಾ ಕೂತಿದ್ದ ವ್ಯಾನಿನಿಂದ ಎಣಿಕೆ ಬರುತ್ತಲೇ ಇತ್ತು: ಐದು, ನಾಲ್ಕು. ನನ್ನ ಇಂಗ್ಲಿಷೆಲ್ಲ ಹಾರಿಹೋಯಿತು. ಎರಡೂ ಕೈ ಬಾಯಿಗಿಟ್ಟು ಹಾಕಿದೆ: “ಕೂ...!”

ಈ ಕೂ ಕಲಿಸಿದ್ದು ಮಂಜಣ್ಣ, ನಮ್ಮ ತೋಟದಲ್ಲಿ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ. ಮರದ ತುದಿಯಿಂದ ಮಂಜಣ್ಣನ ಕೂ ಬಂದರೆ, ಕೆಳಗೆ ಪಂಪಿನ ಹತ್ತಿರವಿರುವ ನಾನು ತಿರುಗಿ ಕೂ ಎಂದು ಔಷಧಿ ಬಿಡಬೇಕು. ಕಾಡಿನಲ್ಲೂ ಅದೇ ಪದ್ಧತಿ. ಕೂಗಿಗೆ ತಿರುಗಿ ಕೂ ಬಾರದಿದ್ದರೆ ಜನ ಹುಡುಕಿಕೊಂಡು ಹೊರಡುತ್ತಾರೆ.

ರಾಮೋನ್ ಬೆಚ್ಚಿ ತಲೆಯೆತ್ತಿದ. ವ್ಯಾನಿನ ಬಾಗಿಲು ತೆರೆಯಿತು, ಎಣಿಕೆ ನಿಂತಿತು.

“ಯಾವ ಪ್ರಾಣಿ ಅದು?” ಎಂದರು ಡಾನಾ.

“ನಾನೇ ಮೇಡಂ.”

ಅವರು ರಾಮೋನ್‌ನನ್ನು ನೋಡಿದರು, ನನ್ನನ್ನು ನೋಡಿದರು. “ಅದನ್ನೇ ಇಟ್ಟುಕೋ” ಎಂದು ಒಳಗೆ ಹೋದರು. ಮರುದಿನದಿಂದ ಟೋರ್ಟಿಯಾ ಬೆಂದರೂ ರಾಮೋನ್ ಕೂ ಹಾಕುತ್ತಾನೆ. ನಾನು ಕೂ ಎನ್ನದೆ ತಟ್ಟೆ ಕೊಡುವುದಿಲ್ಲ.

ಎರಡು ವರ್ಷದ ಮೇಲೆ ರಜೆಗೆ ನಾರ್ವೆಗೆ ಹೋದೆ. ಔಷಧಿ ಹೊಡೆಯುವ ಕಾಲ. ಆಸೆಪಟ್ಟು ನಾನೇ ಪಂಪಿನ ಹತ್ತಿರ ನಿಂತೆ. ಮರದ ಮೇಲಿದ್ದ ಮಂಜಣ್ಣನಿಗೆ ನಾನು ಬಂದದ್ದು ತಿಳಿದಿರಲಿಲ್ಲ. ಮೇಲಿನಿಂದ ಅದೇ ಹಳೇ ಕೂ ಬಂತು. ಎದೆ ತುಂಬಿ ಬಂತು. ಗಂಟಲು ಬಿಚ್ಚಿ ಓಗೊಟ್ಟೆ:

“ಕ್ಲಿಯರ್!”

ಹೊರಗಿನವರನ್ನು ಕೇಳುವ ಮರ್ಯಾದೆಯಲ್ಲಿ ಮಂಜಣ್ಣ ಕೇಳಿದ, “ಯಾರ್ರೀ ಅದು ಕೆಳಗೆ?”

“ನಾನೇ ಮಂಜಣ್ಣ” ಎಂದೆ, ನನ್ನ ಹಳೇ ಮೆಲುದನಿಯಲ್ಲಿ. ಅವನಿಗೆ ಕೇಳಿಸಲಿಲ್ಲ.