ಆ ಸಿನಿಮಾದಲ್ಲಿ ನನಗೆ ಜಾಗವಿಲ್ಲ

ಟಿವಿಯಲ್ಲಿ ನಾಯಕ ಯಂತ್ರವೊಂದರಲ್ಲಿ ಕೂತು ಹಳೆಯ ಕಾಲಕ್ಕೆ ಹೋಗಿ, ಸತ್ತ ಹೆಂಡತಿಯನ್ನು ಉಳಿಸಿಕೊಂಡ. ನಾನು ಚಹಾ ಹಿಡಿದು ಬಂದದ್ದು ಆಗಲೇ. ಹುಕ್ಕೇರಿಯಿಂದ ಬಂದಿದ್ದ ನಾದಿನಿ ಕಣ್ಣೊರೆಸಿಕೊಂಡು ನನ್ನ ಗಂಡನಿಗೆ, "ಇಂಥಾ ಮಷಿನ್ ಸಿಕ್ಕಿದ್ರ ನೀನೂ ದೊಡ್ಡ ವೈನಿನ್ನ ಉಳಿಸ್ಕೋತಿದ್ದಿ, ಅಲ್ಲೇನಣ್ಣಾ?" ಎಂದಳು. ದೊಡ್ಡ ವೈನಿ ಎಂದರೆ ನನ್ನ ಗಂಡನ ತೀರಿಕೊಂಡ ಮೊದಲ ಹೆಂಡತಿ. ನಾನು ಎರಡನೆಯವಳು. ಗಂಡ ಟಿವಿಯಿಂದ ಕಣ್ಣು ಕೀಳಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಇಂಥ ಸಿನಿಮಾ ಮಾಡುವವರನ್ನು ಒಂದು ಮಾತು ಕೇಳಬೇಕು. ಹಳೆಯದನ್ನೆಲ್ಲ ಸರಿಪಡಿಸಿದ ಮೇಲೆ, ಮೊದಲನೆಯವಳು ಸತ್ತ ನಂತರ ಆ ಮನೆ ತುಂಬಿದವಳು ಎಲ್ಲಿಗೆ ಹೋಗಬೇಕು? ಅವಳಿಗಾಗಿ ಅಳುವ ಒಂದು ದೃಶ್ಯವನ್ನೂ ಇವರು ಇಡುವುದಿಲ್ಲ.

ದೊಡ್ಡ ವೈನಿಯ ತಾಯಿಯೂ ಅಲ್ಲೇ ಕೂತಿದ್ದರು. ಮಗಳು ಹೋದ ಮೇಲೂ ಪ್ರತಿ ನಾಗರಪಂಚಮಿಗೆ ತಮ್ಮೂರು ದಡ್ಡಿಯಿಂದ, ತವರಿನವರು ತರುವಂತೆ, ನನಗೆ ಉಂಡಿ ಕಟ್ಟಿಕೊಂಡು ಬರುತ್ತಾರೆ. ಅವರು ನಾದಿನಿಯ ಕಡೆ ತಿರುಗಿ, "ನನ್ನ ಮಗಳು ತಿರುಗಿ ಬಂದ್ರ ನನಗಿಂತ ಖುಷಿ ಯಾರಿಗೈತಿ? ಆದ್ರ ಈಕಿನ್ನ ಬಿಟ್ಟುಕೊಡಾಕ ನಾ ಒಲ್ಲೆವ್ವಾ" ಎಂದರು.

ಗಂಡನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಆ ಮಾತನ್ನು ಅವರು ಆಡಬೇಕಿತ್ತು. ಮಗಳನ್ನು ಕಳೆದುಕೊಂಡ ತಾಯಿ ಆಡಿದರು.